ಓಸಿಗೆ ಮೊದಲು ಕೈಗೊಂದು ಕರಣೆ

ಸಾನಪಾಡಾದಲ್ಲಿ ನಾವಿರುವ ಕಟ್ಟಡ ಸಿಡ್ಕೊ ಕಾಲದ್ದು. ಮೊನ್ನೆ ಪುನರಭಿವೃದ್ಧಿಯ ಸಭೆ ನಡೆಯಿತು. ಬಾಡಿಗೆದಾರನಾದ ನನಗೆ ಮತವಿಲ್ಲ, ಚಹಾ ಮಾತ್ರ ಇತ್ತು. ಕಾರ್ಪೆಟ್ ಏರಿಯಾ, ಪಾರ್ಕಿಂಗ್, ಕಾರ್ಪಸ್ ಫಂಡ್ ಎಂದು ಎರಡು ಗಂಟೆ ಚರ್ಚೆಯಾಯಿತು. ಕಟ್ಟುವ ಕೈಗಳ ಮಾತು ಬರಲೇ ಇಲ್ಲ.

ಪಕ್ಕದ ಸೆಕ್ಟರಿನ ಸೈಟಿನಲ್ಲಿ ಆ ಕೈಗಳು ನಮ್ಮವೇ. ಗೇಟಿನ ಬಳಿ ಕನ್ನಡ ಕಿವಿಗೆ ಬಿದ್ದು ನಿಂತೆ. ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯವರು. “ಹನ್ನೆರಡು ವರ್ಷ ಆತ್ರಿ ಅಣ್ಣಾರ, ಇನ್ನೂ ಬಿಗಾರಿನ” ಎಂದರು ಆಕೆ. ಜೊತೆಗೇ ಬಂದ ಗಂಡ ನಾಲ್ಕು ವರ್ಷಕ್ಕೆ ಗೌಂಡಿಯಾದರು. ಆಕೆಯ ಕೈಗೆ ಯಾರೂ ಕರಣೆ ಕೊಡಲಿಲ್ಲ, ಬುಟ್ಟಿಯೇ ಉಳಿಯಿತು.

ಕಾನೂನು ಇಲ್ಲವೆಂದಲ್ಲ. ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆದರೆ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು. ನಾಕಾದಲ್ಲಿ ನಿಂತು ದಿನಕ್ಕೊಬ್ಬ ಠೇಕೇದಾರನ ಕೈಕೆಳಗೆ ದುಡಿಯುವವರಿಗೆ ಆ ಕಾಗದ ಕೊಡುವವರು ಯಾರು? ಕಾರ್ಡ್ ಸಿಕ್ಕರೂ ಸಹಾಯಧನ ಬಂದೀತು, ಕಸುಬು ಬಾರದು. ಕಸುಬು ಕಲಿಯುವುದು ಸೈಟಿನಲ್ಲೇ, ಕಲಿಸುವ ಜವಾಬ್ದಾರಿ ಬಿಲ್ಡರ್ ಮೇಲೆ ಬಿದ್ದಾಗ.

ಇಂಗ್ಲೆಂಡಿನಲ್ಲಿ ಈ ಜವಾಬ್ದಾರಿ ನಕ್ಷೆ ಮಂಜೂರಾತಿಗೇ ಅಂಟಿಕೊಂಡಿರುತ್ತದೆ. 1990ರ ನಗರ ಯೋಜನಾ ಕಾಯ್ದೆಯ 106ನೇ ಕಲಮಿನಡಿ ಸ್ಥಳೀಯ ಆಡಳಿತ ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಲಂಡನ್ನಿನ ಹಲವು ಬರೋಗಳು ಇದನ್ನು ಬಳಸಿ ಇಷ್ಟು ಅಪ್ರೆಂಟಿಸ್, ಇಷ್ಟು ಸ್ಥಳೀಯರಿಗೆ ಕೆಲಸ, ಇಲ್ಲವಾದರೆ ತರಬೇತಿಗೆ ಹಣ ಎಂದು ಬರೆಸಿಕೊಳ್ಳುತ್ತವೆ. ಒಪ್ಪಂದ ಜಮೀನಿಗೇ ಅಂಟಿರುವುದರಿಂದ ಜಮೀನು ಮಾರಿದರೂ ಹೊಣೆ ತಪ್ಪದು. ಒಂದು ಕಟ್ಟಡ ಮುಗಿದರೆ ಅಪ್ರೆಂಟಿಸ್ ಅರ್ಧಕ್ಕೆ ಬೀದಿಗೆ ಬೀಳುವ ಅಪಾಯ ಅಲ್ಲೂ ಇದೆ. ಕಿಂಗ್ಸ್ ಕ್ರಾಸಿನಲ್ಲಿ ನಿರ್ಮಾಣ ಕೌಶಲ ಕೇಂದ್ರವನ್ನೇ ತೆರೆದದ್ದು ಇಂಥ ಕೊರತೆಗೆ ಒಂದು ಉತ್ತರ.

ನಮ್ಮಲ್ಲೂ ಹೆಚ್ಚುವರಿ ಎಫ್‌ಎಸ್‌ಐ ಕೊಡುವಾಗ ಪಾಲಿಕೆ ಮಳೆನೀರು ಕೊಯ್ಲು, ಪಾರ್ಕಿಂಗ್ ಎಂದು ಷರತ್ತು ಹಾಕುತ್ತದೆ. ಆ ಸಾಲಿಗೆ ತರಬೇತಿಯೂ ಸೇರಲಿ, ಓಸಿ ಕೊಡುವ ಮೊದಲು ಹಾಜರಿ ಪುಸ್ತಕ ತೋರಿಸಲಿ. ಹೆಂಗಸರಿಗೆ ಪ್ರತ್ಯೇಕ ಪಾಲು, ಮಕ್ಕಳಿಗೆ ಕೂಸಿನಮನೆ ಇರದಿದ್ದರೆ ಮತ್ತೆ ಗಂಡಸರೇ ಕಲಿಯುತ್ತಾರೆ.

ಕಷ್ಟದ ಪ್ರಶ್ನೆ ಬೇರೆ: ‘ಸ್ಥಳೀಯ’ ಎಂದರೆ ಯಾರು? ನವಿ ಮುಂಬೈಯಲ್ಲಿ ಇದು ಹಗುರ ಮಾತಲ್ಲ. ಸಿಡ್ಕೊಗೆ ಜಮೀನು ಕಳೆದುಕೊಂಡ ಆಗ್ರಿ, ಕೋಳಿ ರೈತರು 1984ರ ಜನವರಿಯಲ್ಲಿ ಜಾಸಯಿ ಭಾಗದಲ್ಲಿ ಗುಂಡೇಟಿಗೆ ಐವರನ್ನು ಕಳೆದುಕೊಂಡರು. ಶೇ. 12.5 ಅಭಿವೃದ್ಧಿಪಡಿಸಿದ ಜಮೀನು ಸಿಕ್ಕಿದ್ದು ಆ ಹೋರಾಟದಿಂದ. ಅವರ ಮಕ್ಕಳಿಗೆ ಮೊದಲ ಹಕ್ಕಿದೆ, ಸಂದೇಹವಿಲ್ಲ. ಆದರೆ ಷರತ್ತು ಹುಟ್ಟಿದ ಊರನ್ನಷ್ಟೇ ನೋಡಿದರೆ ಶಹಾಪುರದ ಅಕ್ಕ ಹೊರಗುಳಿಯುತ್ತಾರೆ.

ಇಲ್ಲಿ ನನಗೆ ಸ್ವಲ್ಪ ಇರುಸುಮುರುಸು. 2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಒಪ್ಪಿ, ಆಮೇಲೆ ತಡೆಹಿಡಿದ ಖಾಸಗಿ ಉದ್ಯೋಗ ಮೀಸಲು ಮಸೂದೆ ರಾಜ್ಯದಲ್ಲಿ ಹುಟ್ಟಿ 15 ವರ್ಷ ನೆಲೆಸಿದವರನ್ನೇ ಸ್ಥಳೀಯರೆಂದಿತ್ತು. ಊರಿನ ವಾಟ್ಸಾಪ್ ಗುಂಪಿನಲ್ಲಿ ನಾನೂ ಚಪ್ಪಾಳೆ ಹೊಡೆದವನೇ. ಅದೇ ಅಳತೆಕೋಲನ್ನು ಸಾನಪಾಡಾದಲ್ಲಿ ಹಿಡಿದರೆ ಈ ಅಕ್ಕನಷ್ಟೇ ಅಲ್ಲ, ನಾನೂ ಪರಕೀಯ. ಲಂಡನ್ನಿನ ಬರೋ ಸಾಮಾನ್ಯವಾಗಿ ಕೇಳುವುದು ಈಗಿನ ವಿಳಾಸವನ್ನು. ಸೈಟಿನ ಶೆಡ್ಡಿನಲ್ಲಿ ಮಲಗುವವರಿಗೆ ಅದೂ ಇಲ್ಲ, ಹಾಗಾಗಿ ಪಾಲಿಕೆ ವ್ಯಾಪ್ತಿಯಲ್ಲಿ ದುಡಿದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೊಸೈಟಿ ಕಾರ್ಯದರ್ಶಿಗೆ ಎರಡು ಸಾಲು ಬರೆದುಕೊಟ್ಟೆ, ಒಪ್ಪಂದದ ಕರಡಿಗೆ ಸೇರಿಸಿ ಎಂದು. “ಬಿಲ್ಡರ್ ಓಡಿಹೋದಾನು, ಇದನ್ನು ಪಾಲಿಕೆ ಕೇಳಬೇಕು” ಎಂದರು. ಪಾಲಿಕೆ ಕೇಳಬೇಕೆಂಬುದು ನಿಜ. ಅಲ್ಲಿಗೂ ಒಂದು ಪ್ರತಿ ಕಳಿಸಿದ್ದೇನೆ.