ಹೆಚ್ಚು ಸುರಿದರೆ ಹೆಚ್ಚು ಹೊಳೆಯುವುದಿಲ್ಲ

ಕಳೆದ ವರ್ಷ ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಲಾಮ್ ಹೇಳಿ ಎದುರು ನಿಂತ. ಚನ್ನಪಟ್ಟಣದ ಹುಡುಗ. ಮನೆತನದ್ದು ಗೊಂಬೆ ಕೆಲಸ. ಹಳೆಯ ಬೆಂಗಳೂರು-ಮೈಸೂರು ರಸ್ತೆಯ ಬದಿಯಲ್ಲಿ ಅವರದೊಂದು ಚಿಕ್ಕ ಗೊಂಬೆ ಅಂಗಡಿಯಿತ್ತು. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ಘಾಟನೆಯಾಯಿತು. ಅದು ರಾಮನಗರವನ್ನೂ ಚನ್ನಪಟ್ಟಣವನ್ನೂ ಹೊರಗಿನಿಂದಲೇ ಬಳಸಿ ಹೋಗುತ್ತದೆ. ಮೈಸೂರಿಗೆ ಹೋಗುವವರು ಊರೊಳಗೆ ಬರುವುದನ್ನು ಬಿಟ್ಟರು. ಗಾಡಿ ನಿಲ್ಲದ ಮೇಲೆ ಗೊಂಬೆ ಕೊಳ್ಳುವವರಾರು? ಹುಡುಗ ಅಂಗಡಿ ಮುಚ್ಚಿ, ಅಮ್ಮಿಯ ನಾಲ್ಕು ಬಳೆಗಳನ್ನು ಅಡವಿಟ್ಟು, ಅದೇ ಜಾಗದಲ್ಲಿ ಕಾರು ತೊಳೆಯುವ ಶೆಡ್ ಹಾಕಿಕೊಂಡಿದ್ದ.

“ಹಜ್ರತ್, ದಿನಕ್ಕೆ ಎಂಟು ಗಾಡಿ ಬರ್ತವೆ. ಬೆನ್ನು ಬಿದ್ದುಹೋಗೋ ಹಾಗೆ ದುಡೀತೀನಿ. ಆದ್ರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ನಿಲ್ಲಲ್ಲ. ದುಆ ಮಾಡಿ” ಎಂದ.

ದುಆ ಮಾಡಿದೆ. ಆದರೆ ಒಂಟೆಯನ್ನು ಕಟ್ಟಿದ ಮೇಲೆಯೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ತರಗತಿಯಲ್ಲಿ ಕಲಿಸಿದವನು ನಾನೇ ಅಲ್ಲವೇ? ಹಾಗಾಗಿ ಮರುದಿನ ಅವನ ಶೆಡ್ಡಿಗೆ ಹೋಗಿ ಕುಳಿತೆ.

ನೋಡಿದ್ದು ಇಷ್ಟು. 500 ಮಿ.ಲೀ. ಶಾಂಪೂ ಬಾಟಲಿ, ಬೆಲೆ 250 ರೂಪಾಯಿ. ಅವನು ಅದನ್ನು ನೇರವಾಗಿ ಸ್ಪಂಜಿನ ಮೇಲೆ ಸುರಿಯುತ್ತಿದ್ದ. ಹತ್ತು ಕಾರಿಗೆ ಒಂದು ಬಾಟಲಿ ಖಾಲಿ. ಬಾಟಲಿಯ ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದಿದ್ದನ್ನು ಕನ್ನಡಕ ಹಾಕಿಕೊಂಡು ಓದಿದೆ. ಒಂದು ಬಕೆಟ್ ನೀರಿಗೆ 20 ಮಿ.ಲೀ. ಸಾಕೆಂದಿತ್ತು. ಅಂದರೆ ಅದೇ ಬಾಟಲಿಯಲ್ಲಿ 25 ಕಾರು ತೊಳೆಯಬಹುದು. ಕಾರಿಗೆ 25 ರೂಪಾಯಿ ಆಗುತ್ತಿದ್ದದ್ದು 10 ರೂಪಾಯಿ ಆಗುತ್ತದೆ. ಎಂಟು ಕಾರಿಗೆ ದಿನಕ್ಕೆ 120 ರೂಪಾಯಿ, 26 ದಿನ ದುಡಿದರೆ ತಿಂಗಳಿಗೆ 3,120 ರೂಪಾಯಿ. ಆ ಹಣ ಪ್ರತಿ ತಿಂಗಳೂ ನೊರೆಯಾಗಿ ಚರಂಡಿಗೆ ಹೋಗುತ್ತಿತ್ತು.

“ನೊರೆ ಬರದಿದ್ರೆ ಗಿರಾಕಿಗಳು ಒಪ್ಪಲ್ಲ ಹಜ್ರತ್” ಎಂದ ಅವನು. ನಮ್ಮ ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ಶಾಂಪೂವಿನ ಕೆಲಸ ಕೊಳೆಯನ್ನು ಸಡಿಲಿಸಿ, ಬಟ್ಟೆ ಸರಾಗವಾಗಿ ಜಾರುವಂತೆ ಮಾಡುವುದು. ಅದಕ್ಕೆ ಬೇಕಾದಷ್ಟು ಬೆರೆತ ಮೇಲೆ ಉಳಿದದ್ದೆಲ್ಲ ಬರೀ ನೊರೆ. ಆ ನೊರೆಯನ್ನು ತೊಳೆಯಲು ಮತ್ತೆ ಎರಡು ಬಕೆಟ್ ನೀರು ಬೇಕು.

ಅಂಗಡಿಯ ಮೂಲೆಯಲ್ಲಿ ಅವನ ದಾದಾ ಕುಳಿತಿದ್ದರು. ಜೀವಮಾನವಿಡೀ ಗೊಂಬೆ ಕಡೆದವರು. ನಮ್ಮ ಮಾತು ಕೇಳಿ ನಕ್ಕು, “ಅರಗು ಹೆಚ್ಚು ಒತ್ತಿದ್ರೆ ಬಣ್ಣ ಗಂಟು ಕಟ್ಟುತ್ತೆ ಬೇಟಾ. ಇವನಿಗೆ ಎಷ್ಟು ಸಲ ಹೇಳಿದೀನಿ” ಎಂದರು.

ಚನ್ನಪಟ್ಟಣದ ಗೊಂಬೆ ಮಾಡುವುದನ್ನು ಕಂಡವರಿಗೆ ಈ ಮಾತು ಅರ್ಥವಾಗುತ್ತದೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಮೆಲ್ಲನೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ತೆಳುವಾಗಿ ಹರಡುತ್ತದೆ. ಆಮೇಲೆ ಒಣಗಿದ ಕೇದಗೆ ಎಲೆಯಿಂದ ಉಜ್ಜಿದಾಗ ಕನ್ನಡಿಯಂಥ ಹೊಳಪು ಬರುತ್ತದೆ. ಹೊಳಪು ಬರುವುದು ಅರಗಿನ ದಪ್ಪದಿಂದಲ್ಲ, ಕೈಯ ಹದದಿಂದ. ಕಾರಿನ ವ್ಯಾಕ್ಸ್‌ಗೂ ಇದೇ ನಿಯಮ. ಮೈಗೆ ಅಂಟಿಕೊಳ್ಳುವುದು ತೆಳುವಾದ ಒಂದು ಪದರ ಮಾತ್ರ. ಮೇಲೆ ದಪ್ಪಗೆ ಬಳಿದದ್ದು ಬಟ್ಟೆಗೆ ಬಂದುಹೋಗುತ್ತದೆ, ಒರೆಸಲು ತೋಳೂ ನೋಯುತ್ತದೆ. ಸ್ಪಂಜಿನ ತುದಿಗೆ ಸ್ವಲ್ಪ ತೆಗೆದುಕೊಂಡು ಒಂದೊಂದೇ ಭಾಗಕ್ಕೆ ತೆಳುವಾಗಿ ಹಚ್ಚಿದರೆ ಒಂದು ಡಬ್ಬಿ ಎಷ್ಟೋ ಕಾಲ ಬಾಳುತ್ತದೆ.

ಬಿಡದಿಯಲ್ಲಿ 1999ರಲ್ಲಿ ಕಾರು ತಯಾರಿಕೆ ಆರಂಭವಾದಾಗ ನಮ್ಮ ಮೊಹಲ್ಲಾಗಳಲ್ಲಿ ಕಾರಿದ್ದ ಮನೆಗಳು ಬೆರಳೆಣಿಕೆಯಷ್ಟು. ಇಂದು ಟ್ಯಾಕ್ಸಿ ಓಡಿಸಿಯೋ ಸಾಲ ಮಾಡಿಯೋ ಗಲ್ಲಿಗೊಂದು ಕಾರು ಬಂದಿದೆ. ಆದ್ದರಿಂದ ಶೆಡ್ ನಡೆಸುವವರಿಗೆ ಮಾತ್ರವಲ್ಲ, ಮನೆಯಲ್ಲಿ ಕಾರು ತೊಳೆಯುವ ಸಹೋದರ ಸಹೋದರಿಯರಿಗೂ ಉಪಯೋಗವಾಗಲೆಂದು ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ಅಳತೆ. ಪಲಾವಿಗೆ ಅಕ್ಕಿಯನ್ನು ಪಾವಿನಲ್ಲಿ ಅಳೆಯುವ ನಾವು ಶಾಂಪೂವನ್ನು ಕಣ್ಣಂದಾಜಿನಲ್ಲಿ ಏಕೆ ಸುರಿಯಬೇಕು? ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆಯ ಮುಚ್ಚಳ ಸಾಕು. ಅದನ್ನು ಕಾರಿಗೆಂದೇ ಪ್ರತ್ಯೇಕವಾಗಿಡಿ. ಒಂದಕ್ಕೆ ಹತ್ತು ಎಂದು ಬರೆದಿದ್ದರೆ ಒಂದು ಮುಚ್ಚಳ ದ್ರವಕ್ಕೆ ಹತ್ತು ಮುಚ್ಚಳ ನೀರು ಎಂದರ್ಥ. ನೀರು ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬೇಡಿ, ಕೆಟ್ಟು ವಾಸನೆ ಬರಬಹುದು. ಬೇಕಾದಷ್ಟನ್ನೇ ಬೆರೆಸಿಕೊಳ್ಳಿ.

ಎರಡನೆಯದು, ಹೊತ್ತು. ಸುಡು ಬಿಸಿಲಿನಲ್ಲಿ, ಬಿಸಿಯಾದ ಬಾನೆಟ್ಟಿನ ಮೇಲೆ ಶಾಂಪೂ ಹಾಕಿದರೆ ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ. ಮತ್ತೆ ಹಾಕಬೇಕು. ಫಜ್ರ್ ನಮಾಝಿನ ನಂತರದ ತಂಪು ಹೊತ್ತೇ ಇದಕ್ಕೆ ಒಳ್ಳೆಯದು.

ಮೂರನೆಯದು, ಧೂಳು. ಕನಕಪುರದ ಕಡೆ ಕಲ್ಲು ಗಣಿಗಳ ಪುಡಿ, ಮಾಗಡಿಯ ಹಳ್ಳಿದಾರಿಗಳಲ್ಲಿ ಕೆಮ್ಮಣ್ಣು. ಒಣ ಬಟ್ಟೆಯಿಂದ ಒರೆಸಿದರೆ ಅದು ಉಪ್ಪುಕಾಗದದಂತೆ ಬಣ್ಣವನ್ನು ಗೀರುತ್ತದೆ. ಆ ಗೀರು ಹೋಗಿಸಲು ಮತ್ತೆ ಪಾಲಿಶ್ ಖರ್ಚು. ಮೊದಲು ನೀರು ಹಾಯಿಸಿ ಧೂಳು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಶಾಂಪೂ ನೀರು ಕೊಳೆಯಾಗದೆ ಕೊನೆಯವರೆಗೂ ಉಳಿಯುತ್ತದೆ. ಉಳಿದದ್ದರಲ್ಲಿ ಚಕ್ರ ತೊಳೆಯಬಹುದು. ಚಕ್ರಕ್ಕೆ ಬಳಸಿದ ಬಟ್ಟೆ ಮಾತ್ರ ಎಂದಿಗೂ ಮೈಗೆ ಬರಬಾರದು.

ನಾಲ್ಕನೆಯದು, ಬಟ್ಟೆ. ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತವೆ. ಒಂದು ಕೊಳೆಯಾದರೆ ಇನ್ನೊಂದು. ಅದನ್ನು ಬೇರೆಯಾಗಿಯೇ ಒಗೆಯಿರಿ, ಬಟ್ಟೆ ಮೃದುವಾಗಿಸುವ ದ್ರವ ಹಾಕಬೇಡಿ. ಅದು ಎಳೆಗಳ ಮೇಲೆ ಕೂತು ನೀರು ಹೀರುವ ಗುಣವನ್ನೇ ಕೆಡಿಸುತ್ತದೆ. ಗಾಜಿನ ದ್ರವ, ಟೈರಿನ ಪಾಲಿಶ್ ಎರಡನ್ನೂ ಗಾಡಿಯ ಮೇಲೆ ಸಿಂಪಡಿಸದೆ ಬಟ್ಟೆಗೋ ಸ್ಪಂಜಿಗೋ ಹಾಕಿ ಹಚ್ಚಿ. ಅರ್ಧ ಪಾಲು ಗಾಳಿಗೆ ಹೋಗುವುದು ತಪ್ಪುತ್ತದೆ.

ಐದನೆಯದು, ಉಳಿತಾಯದ ಹೆಸರಿನಲ್ಲಿ ತಪ್ಪು ವಸ್ತು ಬಳಸಬೇಡಿ. ಇದು ನನ್ನದೇ ಅನುಭವ. ಭಾವಮೈದುನನ ಮದುವೆಗೆ ಕಾರು ತೊಳೆಯುವ ಹೊಣೆ ಹೊತ್ತು, ಬಟ್ಟೆ ಒಗೆಯುವ ಪುಡಿ ಕದಡಿ ಜೋರಾಗಿ ಉಜ್ಜಿದ್ದೆ. ಇದ್ದ ವ್ಯಾಕ್ಸ್ ಎಲ್ಲ ಕಿತ್ತುಹೋಗಿ, ಬಿ.ಎ. ಓದಿದ ಮೇಷ್ಟರ ಕೈಚಳಕ ಮದುಮಗನ ಕಾರಿನ ಮೇಲೆ ಮಂಕಾಗಿ ಕೂತಿತ್ತು! ಹತ್ತು ರೂಪಾಯಿ ಉಳಿಸಲು ಹೋಗಿ ಪಾಲಿಶ್ ಮಾಡಿಸಲು ನೂರಾರು ರೂಪಾಯಿ ತೆತ್ತೆ.

ಇನ್ನು ನೀರಿನ ಮಾತು. ನಮ್ಮ ಕಡೆಯ ಹೆಚ್ಚಿನ ಬೋರ್‌ವೆಲ್ ನೀರು ಗಡಸು. ಹಾಗೆಯೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಉಳಿಯುತ್ತದೆ. ತೊಳೆದ ಕೂಡಲೇ ಒರೆಸಿಬಿಟ್ಟರೆ ಚುಕ್ಕೆ ತೆಗೆಯುವ ದ್ರವ ಕೊಳ್ಳುವ ಅಗತ್ಯವೇ ಬರುವುದಿಲ್ಲ. ಆರ್.ಓ. ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ಅದು ಚಕ್ರಕ್ಕೆ ಸರಿ, ಮೈಗೆ ಬೇಡ. ಮಳೆನೀರು ಹಿಡಿದಿಟ್ಟರೆ ಕೊನೆಯ ಜಾಲಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಪೈಪು ಬಿಟ್ಟು ತೊಳೆಯುವವರು ಒಮ್ಮೆ ಗಡಿಯಾರ ನೋಡಿ. 15 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಹತ್ತು ನಿಮಿಷಕ್ಕೆ 150 ಲೀಟರ್ ಹೋಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಹೆಸರಿನೊಂದಿಗೆ ಬೆಂಗಳೂರಿನ ಬಾಯಾರಿಕೆಯೂ ನಮಗೆ ಬಾರದಿರಲಿ. ರಾಮನಗರ, ಕನಕಪುರ ಸೀಮೆಗಳನ್ನು ಹಾದುಹೋಗುವ ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಾವು ಚರಂಡಿಗೆ ಬಿಟ್ಟ ನೊರೆ ಎಲ್ಲಿಗೆ ಹೋಗುತ್ತದೆಂದು ಯೋಚಿಸಬೇಡವೇ?

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ಮುದ್ದ್ ಎಂದರೆ ಎರಡು ಅಂಗೈ ಜೋಡಿಸಿದ ಬೊಗಸೆಯಷ್ಟು. ನಮಾಝಿಗಾಗಿ ಶುದ್ಧಿಯಾಗಲೂ ಅಷ್ಟೇ ಸಾಕಾದರೆ, ಕಬ್ಬಿಣದ ಗಾಡಿಯ ಹೊಳಪಿಗಾಗಿ ನಾವು ಸುರಿಯುವುದಕ್ಕೆ ಏನು ಹೇಳೋಣ? ದುಂದುವೆಚ್ಚ ಎಂದರೆ ಮದುವೆಯ ಊಟದಲ್ಲಿ ಮಾತ್ರ ಆಗುವುದೆಂದು ಭಾವಿಸಿದ್ದೇವೆ. ಅದು ಶಾಂಪೂವಿನ ಮುಚ್ಚಳದಲ್ಲೂ ಆಗುತ್ತದೆ. ನಮ್ಮ ರಾಮನಗರದಲ್ಲಿ ನೂಲಾಗಿ ಬಿಚ್ಚಲಾಗದ ರೇಷ್ಮೆ ತ್ಯಾಜ್ಯಕ್ಕೂ ಕೊಳ್ಳುವವರಿದ್ದಾರೆ. ಯಾವುದನ್ನೂ ಬಿಸಾಡದೆ ಬದುಕಿದ ಊರುಗಳು ಇವು.

ಮೊನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ. ನಾಲ್ಕು ಬಳೆಗಳಲ್ಲಿ ಒಂದನ್ನು ಬಿಡಿಸಿಕೊಂಡು ಬಂದಿದ್ದಾನೆ. ಅಮ್ಮಿ ಅದನ್ನು ತೊಡಲಿಲ್ಲವಂತೆ. “ನಾಲ್ಕೂ ಬರಲಿ, ಒಟ್ಟಿಗೇ ಹಾಕ್ಕೋತೀನಿ” ಎಂದು ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ. ಶೆಡ್ಡಿನಲ್ಲಿ ಈಗ ಒಂದು ಅಳತೆಯ ಲೋಟ ಮೊಳೆಗೆ ತೂಗುಬಿದ್ದಿದೆ. ಕಾರು ಬಂದಾಗ ಅದನ್ನು ತೆಗೆದು ಶಾಂಪೂ ಅಳೆದುಕೊಡುವುದು ದಾದಾ ಅವರ ಕೆಲಸ. ಮೊಮ್ಮಗ ಎಷ್ಟು ಕೇಳಿದರೂ ಅವರು ಎರಡನೆಯ ಲೋಟ ಕೊಡುವುದಿಲ್ಲ.