ಬೋರ್ಡು ನಮ್ಮದಾಯಿತು, ಬಿಲ್ಲು ಯಾರದು?

ಕನ್ನಡದ ತರುಣರೇ,

ಬೋರ್ಡಿನ ಹೋರಾಟದಲ್ಲಿ ನೀವು ಗೆದ್ದಿರಿ. ನಾಮಫಲಕದ ಶೇ. 60 ಭಾಗ ಕನ್ನಡದಲ್ಲೇ ಇರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳಿತು. ಶಭಾಷ್! ಈಗ ಅದೇ ಅಂಗಡಿಯ ಒಳಗೆ ಹೋಗಿ. ಗಲ್ಲಾಪೆಟ್ಟಿಗೆಯ ಮೇಲಿರುವ ಬಿಲ್ ಬುಕ್ಕು ನೋಡಿ. ಕಂಪ್ಯೂಟರಿನಲ್ಲಿರುವ ಲೆಕ್ಕ ನೋಡಿ. ಜಿ.ಎಸ್.ಟಿ. ನೋಟೀಸು, ಬ್ಯಾಂಕಿನ ಸಾಲಪತ್ರ, ಮಳಿಗೆಯ ಬಾಡಿಗೆ ಕರಾರು ನೋಡಿ. ಎಷ್ಟು ಅಕ್ಷರ ಕನ್ನಡ ಸಿಕ್ಕಿತು? ಹೊರಗೆ ಕನ್ನಡದ ಮೆರವಣಿಗೆ, ಒಳಗೆ ಇಂಗ್ಲಿಷಿನ ದರ್ಬಾರು!

ನಾನು ಪಂಡಿತನಲ್ಲ. ಪಿ.ಯು.ಸಿ. ಓದಿ ಮುದ್ರಣಾಲಯ ಇಟ್ಟುಕೊಂಡವನು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವಕೀಲರ ವಕಾಲತ್ತು ಫಾರ್ಮು, ವ್ಯಾಪಾರಿಗಳ ಬಿಲ್ ಬುಕ್ಕು, ಸೊಸೈಟಿಗಳ ಪಾವತಿ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಈ ದಂಧೆ ನನಗೆ ಕಲಿಸಿದ್ದು ಒಂದೇ ಮಾತು: ಕಾಗದ ಯಾರಿಗೆ ಓದಲು ಬರುತ್ತದೋ ರೊಕ್ಕ ಅವರ ಕೈಯಲ್ಲಿ. ಅದಕ್ಕೇ ಕನ್ನಡದ ಪತ್ರಿಕೆಯಲ್ಲಿ ನಿಂತೇ ಹೇಳುತ್ತೇನೆ: ಲೆಕ್ಕದ ಇಂಗ್ಲಿಷ್ ಕಲಿಯಿರಿ, ಕೋರ್ಟಿನ ಇಂಗ್ಲಿಷ್ ಕಲಿಯಿರಿ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಲಿ.

ಎರಡು ಶಬ್ದಕ್ಕೆ ಎಷ್ಟು ಬೆಲೆ?

ಆಲಮಟ್ಟಿ ನಮ್ಮ ಬಾಗೇವಾಡಿ ಸೀಮೆಯದು. ಕೃಷ್ಣಾ ಯೋಜನೆಯ ಹಿನ್ನೀರಿಗೆ, ಕಾಲುವೆಗೆ ನಮ್ಮ ರೈತರ ಭೂಮಿ ಹೋದದ್ದು ಬಹುಪಾಲು 1894ರ ಭೂಸ್ವಾಧೀನ ಕಾಯ್ದೆಯ ಕೆಳಗೆ. ಆ ಕಾಯ್ದೆಯ 31ನೇ ಕಲಮು ಏನು ಹೇಳುತ್ತಿತ್ತು ಗೊತ್ತೇ? ಪರಿಹಾರದ ಹಣವನ್ನು ‘ಅಂಡರ್ ಪ್ರೊಟೆಸ್ಟ್’, ಅಂದರೆ ತಕರಾರು ಇಟ್ಟುಕೊಂಡು, ತೆಗೆದುಕೊಳ್ಳದವನಿಗೆ ಹೆಚ್ಚಿನ ಪರಿಹಾರಕ್ಕಾಗಿ 18ನೇ ಕಲಮಿನ ಅರ್ಜಿ ಕೊಡುವ ಹಕ್ಕೇ ಇಲ್ಲ! ಸಹಿಯ ಪಕ್ಕದಲ್ಲಿ ಆ ತಕರಾರು ಇದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಮನೆತನದ ನಾಲ್ಕು ಎಕರೆಯ ಹಣೆಬರಹ.

ಅದೇ ಕಾಯ್ದೆಯ 28ಎ ಕಲಮು ಇನ್ನೊಂದು ಬಾಗಿಲು ತೆರೆದಿತ್ತು. ಅದೇ ಅಧಿಸೂಚನೆಯಲ್ಲಿ ಭೂಮಿ ಹೋದ ಪಕ್ಕದ ಹೊಲದವನಿಗೆ ಕೋರ್ಟು ಹೆಚ್ಚು ಕೊಟ್ಟರೆ, ಕೋರ್ಟಿನ ಮೆಟ್ಟಿಲು ಹತ್ತದ ರೈತನೂ ಅಷ್ಟನ್ನು ಕೇಳಬಹುದು. ಗಡುವು ಆ ತೀರ್ಪಿನ ದಿನದಿಂದ 3 ತಿಂಗಳು. 2014ರ ಜನವರಿ 1ರಿಂದ ಹೊಸ ಕಾಯ್ದೆ ಬಂದರೂ ಈ ಎರಡೂ ನಿಯಮ ಅಲ್ಲಿ ಉಳಿದಿವೆ. ಈ ಮಾತನ್ನು ಯಾರು ಓದಿ ಹೇಳಬೇಕು? ಕಚೇರಿ ಬಾಗಿಲಲ್ಲಿ ಶೇಕಡಾವಾರು ಕೇಳುವ ಏಜೆಂಟನೇ? ಅಥವಾ ಬೆಂಗಳೂರಿನಲ್ಲಿ ಡಿಗ್ರಿ ಓದಿದ ರೈತನ ಮಗನೇ?

ವ್ಯಾಪಾರಿಯ ಪಾಡೂ ಇದೇ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ನೋಂದಣಿ ಯಾಕೆ ರದ್ದು ಮಾಡಬಾರದು ಎಂಬ ನೋಟೀಸಿಗೆ ಉತ್ತರ ಕೊಡಲು ಇರುವುದು 7 ಕೆಲಸದ ದಿನ. ಆದೇಶದ ಮೇಲೆ ಅಪೀಲಿಗೆ 3 ತಿಂಗಳು. ನೋಟೀಸು ಪೋರ್ಟಲ್‌ನಲ್ಲಿ ಇಂಗ್ಲಿಷಿನಲ್ಲಿ ಕೂತಿರುತ್ತದೆ. ಕಿರಾಣಿ ಅಂಗಡಿಯವ ಸಂತೆಯಲ್ಲಿ ಬೆಲ್ಲ ತೂಗುತ್ತಿರುತ್ತಾನೆ. ಸೋದರಮಾವನ ಸಾಲಕ್ಕೆ ಜಾಮೀನು ನಿಂತವನು ‘ಜಾಯಿಂಟ್ಲಿ ಅಂಡ್ ಸೆವರಲಿ’ ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತಾನೆ. ಪೂರ್ತಿ ಸಾಲವನ್ನು ಇವನೊಬ್ಬನಿಂದಲೇ ವಸೂಲು ಮಾಡಬಹುದು ಎಂಬುದು ಅದರ ಅರ್ಥ. ಹೇಳಿದವರು ಯಾರು? ಯಾರೂ ಇಲ್ಲ!

ಯಾವ ಇಂಗ್ಲಿಷ್ ಕಲಿಯಬೇಕು?

‘30 ದಿನದಲ್ಲಿ ಇಂಗ್ಲಿಷ್ ಮಾತಾಡಿ’ ಎಂದು ಗೋಡೆಗೋಡೆಗೆ ಪೋಸ್ಟರ್ ಅಂಟಿಸುವವರ ಇಂಗ್ಲಿಷ್ ಅಲ್ಲ. ಅವರು ಮಾರುವುದು ಠೀವಿ. ಟೈ ಕಟ್ಟಿಸಿ, ನಾಲಿಗೆ ತಿರುಗಿಸಿ, ಮನೆಯಲ್ಲಿ ಅವ್ವನ ಜೊತೆ ಕನ್ನಡ ಆಡಲು ನಾಚಿಕೆ ಹುಟ್ಟಿಸಿ ಕಳಿಸುತ್ತಾರೆ. ಆ ಹುಡುಗನ ಕೈಗೆ ಒಂದು ಕರಾರು ಪತ್ರ ಕೊಡಿ, ಬೆವರುತ್ತಾನೆ.

ನಮಗೆ ಬೇಕಾದದ್ದು ಕಸುಬಿನ ಇಂಗ್ಲಿಷ್. ಅದರಲ್ಲಿ ಮಾತಿನ ಚಮತ್ಕಾರ ಬೇಡ, ಅರ್ಥದ ಖಚಿತತೆ ಬೇಕು. ‘ಶಲ್’ ಎಂದರೆ ಮಾಡಲೇಬೇಕು, ‘ಮೇ’ ಎಂದರೆ ಮಾಡಬಹುದು. ಕರಾರಿನಲ್ಲಿ ಈ ಎರಡರ ನಡುವೆ ಲಕ್ಷಾಂತರ ರೂಪಾಯಿ ಇರುತ್ತದೆ. ಖರೀದಿ ಪತ್ರದ ‘ಕನ್ಸಿಡರೇಷನ್’ ಎಂದರೆ ಪರಿಗಣನೆ ಎಂದುಕೊಂಡರೆ ಕೆಟ್ಟಿರಿ, ಅದು ಪ್ರತಿಫಲ, ಕೊಟ್ಟ ಹಣ. ಲೆಕ್ಕದ ‘ಗುಡ್‌ವಿಲ್’ ಎಂದರೆ ಒಳ್ಳೆಯ ಮನಸ್ಸಲ್ಲ, ಅಂಗಡಿಯ ಹೆಸರಿಗಿರುವ ಬೆಲೆ. ‘ಡಿಪ್ರಿಸಿಯೇಷನ್’ ಎಂದರೆ ಸವಕಳಿ. ನನ್ನ ಮುದ್ರಣ ಯಂತ್ರ ವರ್ಷವರ್ಷ ಸವೆದದ್ದನ್ನು ಲೆಕ್ಕಕ್ಕೆ ಹಿಡಿಯುವ ಬಗೆ. ಕಿರ್ದಿ, ಖತಾವಣಿ, ಜಮಾ, ಖರ್ಚು ಗೊತ್ತಿದ್ದವನಿಗೆ ಇಂಥ ಶಬ್ದ ಕಬ್ಬಿಣದ ಕಡಲೆಯಲ್ಲ. ಕನ್ನಡದಲ್ಲಿ ವ್ಯವಹಾರ ತಿಳಿದವನು ಬೇಗ ಕಲಿಯುತ್ತಾನೆ. ಕನ್ನಡ ಬಿಟ್ಟು ಓಡಿದವನು ಎರಡರಲ್ಲೂ ತೇಲುತ್ತಾನೆ.

ನಂಬಿಕೆ ಇಲ್ಲವೇ? ನಮ್ಮ ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆ ನೋಡಿ. ಅನುವಾದಕ್ಕೇ ಒಂದು ಪ್ರಶ್ನೆಪತ್ರಿಕೆ ಇದೆ: ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಪೀಠದ ಮೇಲೆ ಕೂರುವವರಿಗೇ ಎರಡೂ ಬೇಕು. ಪೀಠದ ಕೆಳಗೆ ನಿಲ್ಲುವ ನಮಗೆ ಬೇಡವೇ?

ಇದು ಕನ್ನಡಕ್ಕೆ ದ್ರೋಹವೇ?

ಫಿರ್ಯಾದಿ, ದಾವೆ, ಜಾಮೀನು, ವಸೂಲಿ, ಬಾಕಿ, ದಸ್ತಾವೇಜು. ಇವೆಲ್ಲ ಎಲ್ಲಿಂದ ಬಂದವು? ದರ್ಬಾರಿನ ಪಾರಸಿ, ಅರಬ್ಬಿಯಿಂದ. ನುಂಗಿ ಅರಗಿಸಿಕೊಂಡೆವು, ಇಂದು ನಮ್ಮ ಅಜ್ಜಿಯ ಬಾಯಲ್ಲೂ ಅವು ಕನ್ನಡವೇ. 16ನೇ ಶತಮಾನದ ವಿಜಾಪುರದಲ್ಲಿ ಒಂದನೇ ಇಬ್ರಾಹಿಂ ಆದಿಲ್‌ಶಾಹಿ ಸರ್ಕಾರಿ ಲೆಕ್ಕವನ್ನು ಪಾರಸಿಯಿಂದ ಬಿಡಿಸಿ ‘ಹಿಂದವಿ’ಗೆ ತಂದ, ಲೆಕ್ಕ ಬ್ರಾಹ್ಮಣ ಕಾರಕೂನರ ಕೈಗೆ ಬಂತು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಲೆಕ್ಕದ ಭಾಷೆ ಬದಲಾದರೆ ಅಧಿಕಾರದ ಕೈ ಬದಲಾಗುತ್ತದೆ. ಬಾಗೇವಾಡಿಯ ಬಸವಣ್ಣನವರೂ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆಯುತ್ತಲೇ ಮೇಲೆ ಬಂದರೆಂದು ಪರಂಪರೆ ಹೇಳುತ್ತದೆ.

ಇನ್ನೂ ಹತ್ತಿರದ ಸಾಕ್ಷಿ ಬೇಕೇ? ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಕಾನೂನು ಓದಿದರು, ವಿಜಾಪುರದಲ್ಲಿ ವಕೀಲಿ ಮಾಡಿದರು. ಆ ಸಂಪಾದನೆ ಎಲ್ಲಿ ಹೋಯಿತು? ಊರೂರು ತಿರುಗಿ ತಾಳೆಗರಿ ಕೂಡಿಸಲು ಹೋಯಿತು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಇಂಗ್ಲಿಷ್ ಕಾನೂನು ಬಲ್ಲ ವಕೀಲನೇ ವಚನಗಳನ್ನು ಉಳಿಸಿಕೊಟ್ಟ! ಅವರನ್ನು ದ್ರೋಹಿ ಎನ್ನುವ ಎದೆಗಾರಿಕೆ ಯಾರಿಗಿದೆ?

ಕಲಿತು ಏನು ಮಾಡಬೇಕು?

ಕೇಳಬೇಕು! ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಮು ಓದಿ. ಕೆಳಗಿನ ಕೋರ್ಟಿನಲ್ಲಿ ಸಾಕ್ಷ್ಯ ಬಿಟ್ಟು ಬೇರೆ ಬರಹ ಇಂಗ್ಲಿಷಿನಲ್ಲಿರಬಹುದು. ಆದರೆ ಕಕ್ಷಿದಾರನಿಗೋ ಅವನ ವಕೀಲನಿಗೋ ಇಂಗ್ಲಿಷ್ ಬಾರದಿದ್ದರೆ, ಕೇಳಿದಾಗ ಕೋರ್ಟಿನ ಭಾಷೆಯ ಅನುವಾದ ಕೊಡಬೇಕು. ನಮ್ಮಲ್ಲಿ ಕೋರ್ಟಿನ ಭಾಷೆ ಕನ್ನಡ. ಎಷ್ಟು ಜನ ಕೇಳಿದ್ದಾರೆ? ಈ ಹಕ್ಕೂ ಇಂಗ್ಲಿಷ್ ಪುಸ್ತಕದೊಳಗೇ ಅಡಗಿ ಕೂತಿದೆ!

ಅಪೀಲು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋದರೆ ಸಂವಿಧಾನದ 348ನೇ ವಿಧಿ ಅಡ್ಡ ಬರುತ್ತದೆ, ಅಲ್ಲಿ ಇಂಗ್ಲಿಷ್. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಹೈಕೋರ್ಟಿನಲ್ಲಿ ಹಿಂದಿಗೆ ಅವಕಾಶವಿದೆ. ಕನ್ನಡಕ್ಕೆ ಕೇಳಿದಾಗ 2012ರಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ಸಭೆ ಒಪ್ಪಲಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯನ್ನು ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವಂತಿಲ್ಲ. ಇದು ಯಾವ ಸೀಮೆಯ ನ್ಯಾಯ? ಆದರೂ 2024ರ ಡಿಸೆಂಬರ್ 12ರಂದು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಕೃಷ್ಣ ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತು. ಕೊಟ್ಟವರು ಇಂಗ್ಲಿಷ್ ಬಾರದವರೇ? ಎರಡನ್ನೂ ಅರೆದು ಕುಡಿದವರು! ಕನ್ನಡಕ್ಕೆ ಬಾಗಿಲು ತೆರೆಯುವವರು ಒಳಗೆ ಇರುವವರೇ.

ಆದ್ದರಿಂದ ತರುಣರೇ, ಸಂಘದ ಪ್ರತಿ ಶಾಖೆಯಲ್ಲಿ ವಾರಕ್ಕೊಂದು ಸಂಜೆ ಮೀಸಲಿಡಿ. ಒಬ್ಬ ಬಿ.ಕಾಂ. ಹುಡುಗ, ಒಬ್ಬ ಕಾನೂನು ವಿದ್ಯಾರ್ಥಿನಿ ಕೂಡಿರಲಿ. ಯಾರದಾದರೂ ಮನೆಗೆ ಬಂದ ಒಂದು ಇಂಗ್ಲಿಷ್ ನೋಟೀಸನ್ನು ಒಪ್ಪಿಗೆ ಪಡೆದು ನಡುವೆ ಇಡಿ. ಸಾಲುಸಾಲಾಗಿ ಓದಿ, ಕನ್ನಡಕ್ಕೆ ಇಳಿಸಿ, ಗಡುವಿನ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದು ಆ ಮನೆಗೆ ಮುಟ್ಟಿಸಿ. ಅಲ್ಲಿ ಕಲಿತ ಶಬ್ದಗಳನ್ನು ಎರಡೂ ಭಾಷೆಯಲ್ಲಿ ಒಂದು ವಹಿಯಲ್ಲಿ ಬರೆದಿಡಿ. ವರ್ಷ ತುಂಬಿದಾಗ ಆ ವಹಿ ತನ್ನಿ, ಅಚ್ಚು ಹಾಕಲು ನನ್ನಂಥ ಮುದ್ರಕರು ಇದ್ದೇವೆ.