ಬೀಗ ಹಾಕಿದ ಮನೆಯ ಸಾಕ್ಷಿ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ತರುವಾಯ ಚಾಂಪಿಯನ್ ರೀಫ್ಸ್‌ನ ಅನೇಕ ಸಂಸಾರಗಳ ದುಡಿಮೆ ಬೆಂಗಳೂರಿಗೆ ಸರಿಯಿತು. ನಸುಕಿನ ರೈಲಿಗೆ ಮಕ್ಕಳು ಹೊರಟರೆಂದರೆ ಹಗಲೆಲ್ಲ ಮನೆಯಲ್ಲಿ ವೃದ್ಧರು, ಇಲ್ಲವೆ ಬಾಗಿಲಿಗೆ ಬೀಗ. ಇಂಥ ಮನೆಗೆ ಕಾವಲು ಕ್ಯಾಮೆರಾ ಕೊಳ್ಳುವ ಗೃಹಸ್ಥರು ಮೊದಲು ವಿಚಾರಿಸಬೇಕಾದುದು ಕ್ಯಾಮೆರಾವನ್ನಲ್ಲ, ಚಿತ್ರವನ್ನು ಕಾದಿಡುವ ರೆಕಾರ್ಡರನ್ನು.

ನಾಲ್ಕು ಕ್ಯಾಮೆರಾಗಳು, ಒಂದೊಂದೂ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹಗಲಿರುಳೂ ಚಿತ್ರ ಕಳುಹಿಸಿದರೆ ದಿನಕ್ಕೆ ಸುಮಾರು 86 ಗಿಗಾಬೈಟ್ ಸ್ಥಳ ಬೇಕು. 1 ಟೆರಾಬೈಟ್ ಡಿಸ್ಕು 11 ದಿನಗಳಲ್ಲಿ ತುಂಬಿ, ಹಳೆಯದನ್ನು ಅಳಿಸತೊಡಗುವುದು. ಹದಿನೈದು ದಿನ ಪರಸ್ಥಳದಲ್ಲಿದ್ದು ಬಂದವರಿಗೆ, ಅವರು ಹೊರಟ ಮರುದಿನವೇ ನಡೆದ ಕಳವಿನ ಚಿತ್ರ ದೊರೆಯದು. ತಿಂಗಳ ದಾಖಲೆಗೆ 3 ಟೆರಾಬೈಟ್ ಆದರೂ ಇರಲಿ.

ರೆಕಾರ್ಡರನ್ನು ನಡುಮನೆಯ ಟಿ.ವಿ.ಯ ಪಕ್ಕದಲ್ಲಿಟ್ಟರೆ ಕಳ್ಳನು ಸಾಕ್ಷಿಯನ್ನೇ ಹೊತ್ತೊಯ್ದಾನು. ಬೀಗವಿರುವ, ಗಾಳಿಯಾಡುವ ಕಪಾಟೇ ಲೇಸು. ಪಿ.ಒ.ಇ. ಸ್ವಿಚ್ಚಿದ್ದರೆ ಒಂದೇ ತಂತಿಯು 100 ಮೀಟರ್‌ವರೆಗೆ ವಿದ್ಯುತ್ತನ್ನೂ ಚಿತ್ರವನ್ನೂ ಒಯ್ಯುವುದು. ಆ ಸ್ವಿಚ್ಚಿಗೂ ರೆಕಾರ್ಡರಿಗೂ ಯುಪಿಎಸ್ ಕೊಟ್ಟರೆ, ಊರಿನ ದೀಪ ಆರಿದರೂ ಕಾವಲು ತಪ್ಪದು.

ತಯಾರಕರು ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಬದಲಿಸದ ಪಾಸ್‌ವರ್ಡುಗಳ ಮೂಲಕವೇ ಜಗತ್ತಿನ ಲಕ್ಷಾಂತರ ಉಪಕರಣಗಳೊಳಗೆ ನುಗ್ಗಿತು. ಕ್ಯಾಮೆರಾ, ರೆಕಾರ್ಡರುಗಳೂ ಅವುಗಳಲ್ಲಿದ್ದವು.

ಗಣಿಯ ಲೈನುಗಳಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳುಂಟು. ಕ್ಯಾಮೆರಾ ತನ್ನ ಮನೆಯ ಹೊಸ್ತಿಲನ್ನು ನೋಡಲಿ, ನೆರೆಯವರ ಅಂಗಳವನ್ನಲ್ಲ. ರೈಲು ಹೊರಟ ಮೇಲೆ ಒಳಗಿರುವ ತಾಯಿ ಕೂಗಿದರೆ ಓಡಿಬರುವವರು ಆ ನೆರೆಯವರೇ.